ವೆಂಬ್ಲಿಯ ಫ್ಯಾಮಿಲಿ ಸೆಕ್ಷನ್

ವೆಂಬ್ಲಿ
೧೪ ಮೇ ೨೦೨೩

ಪ್ರೀತಿಯ ತಂಗಿ ಕಲ್ಯಾಣಿಗೆ,

ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ, ನನ್ನ ತಲೆಯೊಂದು ಬಿಟ್ಟು. ಪತ್ರ ತಡವಾಯಿತು, ಬೈಯಬೇಡ. ನಮ್ಮ ಹೋಟೆಲಿನಲ್ಲಿ ಮರಗೆಲಸ ನಡೆದಿತ್ತು. ಅದಕ್ಕೆ ಕಾರಣ ನಿನ್ನ ಭಾವ.

ಮದುವೆಗೆ ಮುಂಚೆ ಅವರು ನಿಮ್ಮ ರಿಯಾದಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರಲ್ಲ, ಆಗ ಹೆಂಗಸರನ್ನು ಮರೆಯಲ್ಲಿ ಕೂರಿಸುವ ಫ್ಯಾಮಿಲಿ ಸೆಕ್ಷನ್ ಇತ್ತು. ಈಗ ನಮ್ಮಲ್ಲಿಗೂ ಅರಬ್ಬರು ದೋಸೆ ತಿನ್ನಲು ಬರುತ್ತಾರೆಂದು, ಅಡುಗೆಮನೆಯ ಪಕ್ಕ ಹಲಗೆಯ ಗೋಡೆ ಎಬ್ಬಿಸಿದ್ದಾರೆ. ರಿಯಾದಿನಲ್ಲೇ ಈಗ ಆ ಕಟ್ಟಳೆ ಹೋಯಿತು, ನಮ್ಮ ಕಲ್ಯಾಣಿ ಅಲ್ಲಿ ಆಫೀಸಿನ ಗೆಳತಿಯರ ಜೊತೆ ಎಲ್ಲರ ನಡುವೆ ಕೂತು ಉಣ್ಣುತ್ತಾಳೆ, ತಾನೇ ಕಾರು ಓಡಿಸುತ್ತಾಳೆ ಎಂದು ಬಡಿದುಕೊಂಡೆ. "ನಂಗೆ ಕಲ್ಸೂಕೆ ಬರ್ಬೇಡ. ಅರಬ್ಬರ ಕ್ರಮ ನಂಗೆ ಗೊತ್ತಿತ್ತ್" ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಏನು ಹೇಳುವುದು ಮಾರಾಯ್ತಿ?

ಕಳೆದ ಶನಿವಾರ ರಿಯಾದಿನ ತಾಯಿ ಮಗಳು ಬಂದರು. ನಿನ್ನ ಭಾವ ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳಿ, ನೇರ ಹಲಗೆಯ ಹಿಂದೆ ಕೂರಿಸಿದರು. ಮಗಳಿಗೆ ನಗು ತಡೆಯಲಾಗಲಿಲ್ಲ. ತಾಯಿ ಮಾತ್ರ ಸಮಾಧಾನದಿಂದಲೇ, ಅರ್ಧ ಆಯುಷ್ಯ ಇಂಥ ಹಲಗೆಯ ಹಿಂದೆಯೇ ಉಂಡಿದ್ದೇನೆ, ಲಂಡನ್ನಿಗೆ ಬಂದದ್ದು ಬೀದಿ ನೋಡಲಿಕ್ಕೆ ಎಂದು ಎದ್ದು ಕಿಟಕಿಯ ಮೇಜಿಗೆ ಹೋದರು. ನಿನ್ನ ಭಾವನ ಮುಖ ನೋಡಬೇಕಿತ್ತು.

ಈಗಲಾದರೂ ಆ ಹಲಗೆ ಕೀಳಿಸಿ ಎಂದರೆ, "ಇರ್ಲಿ, ನಿಂಗೆ ಕೂಕಂಡ್ ತರಕಾರಿ ಹೆಚ್ಚೂಕೆ ಆತ್ತ್" ಎಂದರು. ಅಲ್ಲಿನ ಸರಕಾರ ಬೇಡವೆಂದ ಮರೆ ಇಲ್ಲಿ ನನ್ನ ಪಾಲಿಗೆ ಬಂತು. ಇಲ್ಲಿನ ಕೌನ್ಸಿಲ್‌ಗೆ ದೂರು ಕೊಡೋಣವೆಂದರೆ, ಹೆಂಡತಿಯನ್ನು ಹಿಂದೆ ಕೂರಿಸಬಾರದೆಂಬ ಕಾನೂನು ಅವರಲ್ಲೂ ಇಲ್ಲ. ನಾನೇ ಹಿಟ್ಟು ಕಡೆದ ದೋಸೆಯನ್ನು ಒಂದು ದಿನ ಹೊರಗಿನ ಮೇಜಿನಲ್ಲಿ ಕೂತು ತಿನ್ನಬೇಕೆಂದು ಎಷ್ಟು ವರ್ಷದಿಂದ ಆಸೆ. ಹೇಳಿದರೆ ನಗುತ್ತಾರೆ. ಸಿಟ್ಟು ನೆತ್ತಿಗೇರುತ್ತದೆ.

ನೀನು ಕಾರು ನಿಧಾನ ಓಡಿಸು. ನಮ್ಮೂರ ದೇವರು ಕುಂದೇಶ್ವರ ನಿಮ್ಮನ್ನೆಲ್ಲ ಚೆನ್ನಾಗಿ ಇಟ್ಟಿರಲಿ.

ನಿನ್ನ ಅಕ್ಕ,
ಗುಣವತಿ

ತಾ.ಕ.: ಒಂದು ಸಂಗತಿ ಬರೆಯಲಿಲ್ಲ. ಕಾಫಿ ಕೊಡಲು ಹೋದಾಗ ಆ ತಾಯಿ ಪಕ್ಕದ ಕುರ್ಚಿ ಎಳೆದು, ನೀವೂ ಕೂತುಕೊಳ್ಳಿ ಎಂದರು. ನಿನ್ನ ಭಾವ ಬೇಡ ಎನ್ನಲಿಲ್ಲ. ಕೂರು ಎಂದು ಅವರೂ ಸನ್ನೆ ಮಾಡಿದರು. ನನಗೇ ಕೂರಲು ಆಗಲಿಲ್ಲ. ಒಲೆಯ ಮೇಲೆ ಸಾಂಬಾರು ಇದೆ ಎಂದು ಒಳಗೆ ಬಂದುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.