ಅದು ಮೀಯೋ ನೀರು, ಸ್ವಾಮಿ

ಕಾಮಾಲೆ ಸಮೀಕ್ಷೆಯ ಅಧಿಕಾರಿಗಳಿಗೆ,

ಮಾನ್ಯರೇ,

ಈಗ ಸಂಜೆ ಆರು ಗಂಟೆ. ಬೆಳಿಗ್ಗೆ ನಿಮ್ಮ ಕಚೇರಿಗೆ ಬಂದಿದ್ದೆ. ಮಧ್ಯಾಹ್ನ ಊರಿಗೆ ಮರಳಿ ಹಂಡೆ ಉಜ್ಜಿದೆ, ಮಗಳು ಬರುತ್ತಾಳೆಂದು ಒಳಕೋಣೆ ಗುಡಿಸಿದೆ. ನನ್ನ ದಿನಚರಿಯಲ್ಲಿ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಇವತ್ತಿನ ವಿಷಯ ಅದರಲ್ಲಿ ಹಿಡಿಸುವುದಿಲ್ಲವಾದ್ದರಿಂದ ಪತ್ರಿಕೆಯ ಮೂಲಕ ತಮಗೇ ಬರೆಯುತ್ತಿದ್ದೇನೆ. ದೂರು ಇಷ್ಟೆ: ತಾವು ನಮ್ಮೂರಿನ ರಕ್ತ ತೆಗೆದುಕೊಂಡು ಹೋದಿರಿ, ಆಮೇಲೆ ಅದರ ಮಾತನ್ನು ನಂಬಲಿಲ್ಲ.

ನಮ್ಮದು ತಿ. ನರಸೀಪುರ ತಾಲ್ಲೂಕಿನ ಸಣ್ಣ ಊರು. ಕಳೆದ ಬೇಸಿಗೆಯಲ್ಲಿ ನಿಮ್ಮ ಜೀಪು ಬಂತು. ಹೆಪಟೈಟಿಸ್ ಇ ಎಂಬ ಕಾಮಾಲೆ ಕೊಳಕು ನೀರಿನಿಂದ ಬರುತ್ತದೆ, ಬಂದು ಹೋದದ್ದು ನಮಗೆ ಗೊತ್ತಾಗದಿದ್ದರೂ ರಕ್ತದಲ್ಲಿ ಅದರ ಗುರುತು ಉಳಿಯುತ್ತದೆ, ಅದಕ್ಕೆ ಪ್ರತಿಕಾಯ ಎನ್ನುತ್ತಾರೆ ಎಂದು ನಿಮ್ಮ ನರ್ಸಮ್ಮ ಚೆನ್ನಾಗಿಯೇ ವಿವರಿಸಿದರು. ಪಕ್ಕದ ಮನೆಯ ಸಾಕಮ್ಮ ಸುಮ್ಮನಿರಲಿಲ್ಲ.

"ಪ್ರತಿಕಾಯ ಅಂದ್ರೆ ಯಾವ ಕಾಯವ್ವಾ? ಸಾರಿಗಾಯ್ತದಾ?"

ಎಲ್ಲರೂ ನಕ್ಕರು. ಆದರೂ ತೋಳು ಚಾಚಿದವರಲ್ಲಿ ಅವಳೇ ಮೊದಲಿಗಳು. "ತಕ್ಕೋ ತಾಯಿ. ನಾನಂತೂ ಮೈಸೂರು ನೋಡ್ನಿಲ್ಲ, ನನ್ ರಕ್ತನಾದ್ರೂ ನೋಡ್ಕಂಡು ಬರ್ಲಿ."

ಗುರುತು ಹೆಚ್ಚು ಜನರಲ್ಲಿ ಕಂಡ ಊರಿಗೆ ಮೊದಲು ಹೊಸ ಪೈಪು ಎಂದು ಹೇಳಿ ಜೀಪು ಹೋಯಿತು. ನಮ್ಮ ಕುಡಿಯುವ ನೀರಿನ ಪೈಪು ಚರಂಡಿಯೊಳಗೇ ಮಲಗಿದೆ. ಹಾಗಾಗಿ ನಾವು ಕಾದೆವು. ಅಕ್ಕಪಕ್ಕದ ಊರುಗಳಿಗೆ ಪೈಪು ಬಂತು. ನಮಗೆ ಬರಲಿಲ್ಲ. ಇವತ್ತು ಪಂಚಾಯಿತಿ ಸದಸ್ಯ ಮಂಟೇಸ್ವಾಮಿಯನ್ನು ಕರೆದುಕೊಂಡು ಕೇಳಲು ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ತಮ್ಮ ಸಹಾಯಕರು ಬಹಳ ಮರ್ಯಾದೆಯಿಂದ ಹೇಳಿದರು:

"ನಿಮ್ಮೂರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಪ್ರತಿಕಾಯ ಇದೆ ಅಂತ ಬಂತು. ಆದ್ರೆ ನೀವೆಲ್ಲ ಕಾಯಿಸಿದ ನೀರು ಕುಡಿಯೋರು. ಎರಡೂ ತಾಳೆ ಆಗ್ಲಿಲ್ಲ. ಪರೀಕ್ಷೇಲೇ ಏನೋ ತಪ್ಪಾಗಿದೆ ಅಂತ ನಿಮ್ಮೂರನ್ನ ಬಿಟ್ಟಿದ್ದೀವಿ."

ಮಂಟೇಸ್ವಾಮಿ ಎದೆ ಉಬ್ಬಿಸಿಕೊಂಡು, "ನಮ್ಮೂರೆಂಗಸ್ರು ಒಂದಿನಾನೂ ತಪ್ಸಲ್ಲ ಸಾ, ದಿನಾ ಕಾಯಿಸ್ತಾರೆ" ಎಂದ.

ನನಗೆ ಆಗ ಹೊಳೆಯಿತು. ನಿಮ್ಮ ನರ್ಸಮ್ಮ ಮನೆಮನೆಯಲ್ಲೂ "ನೀರು ಕಾಯಿಸ್ತೀರಾ?" ಎಂದಷ್ಟೇ ಕೇಳಿದ್ದರು. "ಕಾಯಿಸ್ದೆ ಇದ್ದಾರಾ ಕಣವ್ವಾ? ಕೋಳಿ ಕೂಗೋ ಒತ್ಗೆ ಒಲೆ ಅಚ್ತೀನಿ" ಎಂದಿದ್ದಳು ಸಾಕಮ್ಮ.

"ಅದು ಮೀಯೋ ನೀರು, ಸ್ವಾಮಿ" ಎಂದೆ.

ಮಂಟೇಸ್ವಾಮಿ ನಿಧಾನವಾಗಿ ಎದೆ ಇಳಿಸಿದ.

ಮಾನ್ಯರೇ, ನಮ್ಮ ಕಡೆ ಕಾಯಿಸುವುದು ಹಂಡೆಯ ನೀರು. ಕುಡಿಯುವುದು ನಲ್ಲಿಯಲ್ಲಿ ಬಂದದ್ದನ್ನು ಬಂದ ಹಾಗೆಯೇ. ಬಾಣಂತಿಗೆ, ಜ್ವರದವರಿಗೆ ಮಾತ್ರ ಬಿಸಿನೀರು. ಇದು ಗೊತ್ತಿಲ್ಲದ ಮನೆ ಈ ಜಿಲ್ಲೆಯಲ್ಲಿದೆಯೇ? ಅಥವಾ ತಮ್ಮ ಮನೆಯಲ್ಲಿ ಗೀಸರಿನ ನೀರನ್ನೇ ಲೋಟಕ್ಕೆ ಹಿಡಿಯುತ್ತಾರೆಯೇ? ಬಾಯಿಮಾತಿಗೂ ರಕ್ತಕ್ಕೂ ತಾಳೆಯಾಗದಿದ್ದಾಗ, ಬಾಯಿ ತಪ್ಪಿರಬಹುದು ಎಂದು ಯಾರಿಗೂ ಅನ್ನಿಸಲಿಲ್ಲವೇ? ಜನ ನಂಬುವುದಿಲ್ಲ ಎಂದು ಸರ್ಕಾರ ಗೊಣಗುವುದನ್ನು ಕೇಳಿದ್ದೇನೆ. ನಮ್ಮ ಮಾತನ್ನು ಇಷ್ಟು ಗಾಢವಾಗಿ ನಂಬಿದ ಕಚೇರಿಯನ್ನು ಇದೇ ಮೊದಲು ನೋಡಿದ್ದು. ಬಸ್ಸಿನಲ್ಲಿ ಬರುವಾಗ ಮಂಟೇಸ್ವಾಮಿ, "ಅಕ್ಕಾ, ಇನ್ಮೇಲೆ ಸ್ನಾನ ಬುಟ್ಬುಡಾವಾ? ಪೈಪಾದ್ರೂ ಬಂದಾತು" ಎಂದ. ಬಹಳ ದಿನಗಳ ಮೇಲೆ ನಾನು ಗಟ್ಟಿಯಾಗಿ ನಕ್ಕೆ.

ಬಹಳ ದಿನಗಳು ಏಕೆಂದರೆ, ನನ್ನ ದೊಡ್ಡ ಮಗಳು ನಂದಿತಾ ಎರಡು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ಇದೇ ಮನೆಗೆ ಬಂದಿದ್ದಳು. ಎಂಟನೇ ತಿಂಗಳಲ್ಲಿ ಕಣ್ಣು ಹಳದಿಯಾಯಿತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ತಾಯಿ, ಮಗು ಇಬ್ಬರೂ ಉಳಿಯಲಿಲ್ಲ. ಈ ಕಾಮಾಲೆ ಬೇರೆಯವರಿಗೆ ಹೆಚ್ಚಾಗಿ ಬಂದು ಹೋಗುತ್ತದೆ, ಬಸುರಿಗೆ ಮಾತ್ರ ಪ್ರಾಣಕ್ಕೇ ಬರಬಹುದು ಎಂದು ನಿಮ್ಮ ನರ್ಸಮ್ಮನೇ ಹೇಳಿದರು. ನಂದಿತಾಗೆ ಬಂದದ್ದು ಅದೇನಾ ಎಂದು ನನಗೆ ಗೊತ್ತಿಲ್ಲ. ಅವಳ ರಕ್ತವನ್ನು ಆಗ ಯಾರೂ ಕೇಳಲಿಲ್ಲ. ನಮ್ಮದನ್ನು ಕೇಳಿದಾಗ, ಇದರಿಂದಾದರೂ ತಿಳಿದೀತು ಎಂದು ನಾನು ಸಂತೋಷದಿಂದಲೇ ಕೊಟ್ಟಿದ್ದೆ.

ಆದ್ದರಿಂದ ಬೇರೇನನ್ನೂ ಬೇಡುವುದಿಲ್ಲ. ನರ್ಸಮ್ಮನನ್ನು ಇನ್ನೊಮ್ಮೆ ಕಳಿಸಿ. "ಕುಡಿಯೋ ನೀರು ಕುದಿಸಿ ಆರಿಸ್ತೀರಾ?" ಎಂದು ಕೇಳಲಿ, ಸಾಕಮ್ಮ ಉತ್ತರ ಕೊಡಲು ಸಿದ್ಧಳಿದ್ದಾಳೆ, ಬೇಕಾದರೆ ಇನ್ನೊಂದು ತೋಳನ್ನೂ ಕೊಡುತ್ತಾಳಂತೆ. ನಮ್ಮ ರಕ್ತವನ್ನು ಮತ್ತೆ ಲೆಕ್ಕಕ್ಕೆ ಸೇರಿಸಿ. ಪೈಪನ್ನು ಚರಂಡಿಯಿಂದ ಮೇಲೆತ್ತಿಸಿ. ನಾನು ನನ್ನ ಮನೆಯ ನೀರು ಕುದಿಸಬಲ್ಲೆ, ಊರಿನ ಬಸುರಿಯರಿಗೆಲ್ಲ ಕುದಿಸಲಾರೆ.

ಚಿಕ್ಕ ಮಗಳು ಗಾನವಿಗೆ ಈಗ ಏಳು ತಿಂಗಳು. ನಾಳೆ ಹತ್ತು ಗಂಟೆಯ ಬಸ್ಸಿಗೆ ಹೆರಿಗೆಗೆಂದು ಊರಿಗೆ ಬರುತ್ತಾಳೆ.

ಇಂತಿ,
ಮೀಯಲೊಂದು, ಕುಡಿಯಲೊಂದು ಒಲೆ ಹೂಡಿಕೊಂಡಿರುವ
ಗುರುಬಸಮ್ಮ