ಕುರ್ಚಿ ಬಿಡದ ಉಪಾಧ್ಯಕ್ಷರು

ವಾಷಿಂಗ್ಟನ್,
ಫೆಬ್ರವರಿ 9, ಸೋಮವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಸೊಂಟದ ನೋವು ಹೇಗಿದೆ? ಹಿಮದ ಮೇಲೆ ಜಾರಿ ಬಿದ್ದವರು ಆರು ವಾರ ಮಲಗಬೇಕೆಂದು ಡಾಕ್ಟರು ಹೇಳಿದರೂ ನೀವು ಮೂರನೇ ದಿನವೇ ಕೋಲೂರಿಕೊಂಡು ಕೊಟ್ಟಿಗೆಗೆ ಹೋದಿರಂತೆ. ಪ್ರೂಡೆನ್ಸ್ ಅತ್ತೆ ಬರೆದಿದ್ದಾರೆ. ಅವರಿಂದ ಬೈಸಿಕೊಳ್ಳುವುದೂ ಒಂದು ಔಷಧವೇ, ಬೈಸಿಕೊಳ್ಳಿ. ಕಳಿಸಿದ ಮೇಪಲ್ ಸಕ್ಕರೆ ತಲುಪಿತು. ಅದನ್ನು ಒಡೆದು ಬಾಯಿಗೆ ಹಾಕಿಕೊಳ್ಳುವ ಮನಸ್ಸು ಈ ಮನೆಯಲ್ಲಿ ಯಾರಿಗೂ ಇಲ್ಲ.

ಪೇಪರಿನಲ್ಲಿ ಓದಿರುತ್ತೀರಿ. ಮುಂದಿನ ವಾರ, 17ರ ಮಂಗಳವಾರ, ಸೆನೆಟ್ಟಿನಲ್ಲಿ ನಿಮ್ಮ ಅಳಿಯನನ್ನು, ಅಂದರೆ ನಮ್ಮ ಯಜಮಾನರನ್ನು, ಪದವಿಯಿಂದ ಇಳಿಸುವ ವಾಗ್ದಂಡನೆ ವಿಚಾರಣೆ. ಉಪಾಧ್ಯಕ್ಷರಾಗಿದ್ದುಕೊಂಡು ನನ್ನ ಮೈದುನ ಲೈಮನ್ನನ ಹಡಗಿಗೆ ಟಪಾಲು ಗುತ್ತಿಗೆ ಕೊಡಿಸಲು ಶಿಫಾರಸು ಪತ್ರ ಬರೆದರೆಂದು ಆರೋಪ. ಅದಾದರೂ ಇರಲಿ, ಅದಕ್ಕಿಂತ ದೊಡ್ಡ ತಲೆನೋವು ಕುರ್ಚಿಯದು. ಅಧ್ಯಕ್ಷರ ವಿಚಾರಣೆಯಾದರೆ ಮುಖ್ಯ ನ್ಯಾಯಮೂರ್ತಿ ಬಂದು ಕೂರಬೇಕೆಂದು ಸಂವಿಧಾನದಲ್ಲಿದೆ. ಉಪಾಧ್ಯಕ್ಷರದ್ದಾದರೆ ಯಾರು ಕೂರಬೇಕೆಂದು ಹಿರಿಯರು ಬರೆಯಲು ಮರೆತರು. ಸೆನೆಟ್ಟಿನ ಕುರ್ಚಿ ದಿನಾ ಇವರದ್ದೇ. ಇವರು ಬಾರದ ದಿನ ಮಾತ್ರ, ಸೆನೆಟರುಗಳಲ್ಲಿ ಹಿರಿಯರೆಂದು ನಿಮ್ಮನ್ನು ಆರಿಸಿ ಕೂರಿಸುವುದು ವಾಡಿಕೆ. ಇವರು ಈಗ ತಮ್ಮದೇ ವಿಚಾರಣೆಯಲ್ಲೂ ಒಂದು ದಿನವೂ ತಪ್ಪಿಸುವುದಿಲ್ಲವಂತೆ! "ಬೇಡ ಅಂತ ಎಲ್ಲಿ ಬರೆದಿದೆ, ತೋರಿಸು" ಎಂದು ನನ್ನ ಮುಂದೆ ಪುಸ್ತಕ ತಂದು ಕುಕ್ಕಿದರು.

ಮೊನ್ನೆ ಊಟಕ್ಕೆ ಬಂದಿದ್ದ ಸೆನೆಟರ್ ಟ್ರಸ್ಕ್, ಇವರ ಪರವಾಗಿಯೇ ಇದ್ದವರು, ಮೇಜಿನಿಂದ ಎದ್ದೇಬಿಟ್ಟರು. "ಕಳ್ಳನ ಕೈಗೇ ಬೀಗದ ಕೈ ಕೊಟ್ಟಂಗಾಯ್ತಲ್ಲಯ್ಯ! ನೀನು ಆ ಕುರ್ಚೀಲಿ ಕೂತರೆ ನನ್ನ ವೋಟು ನಿನಗಿಲ್ಲ ಕಣಯ್ಯ" ಎಂದರು. ಅಪ್ಪಾ, ಕೊನೆಯ ದಿನ ಪೀಠದಲ್ಲಿ ಕೂತವರು ಸೆನೆಟರುಗಳ ಹೆಸರನ್ನು ಒಂದೊಂದಾಗಿ ಕೂಗಿ, ಆರೋಪಿ ತಪ್ಪಿತಸ್ಥನೋ ಅಲ್ಲವೋ ಹೇಳಿ ಎಂದು ಕೇಳಬೇಕಲ್ಲ? ಇವರು ತಮ್ಮ ಬಾಯಿಂದಲೇ ತಮ್ಮ ಬಗ್ಗೆ ಅಷ್ಟು ಜನರನ್ನೂ ಕೇಳುತ್ತಾರೆಯೇ? ಗ್ಯಾಲರಿಯಲ್ಲಿ ಹೆಂಗಸರು ಬೀಸಣಿಗೆ ಅಡ್ಡ ಹಿಡಿದು ನಗುತ್ತಾರೆ. ಅನ್ನಾಹಾರ ಸೇರುತ್ತಿಲ್ಲ, ಯಾರಲ್ಲಿ ಹೇಳಿಕೊಳ್ಳಲಿ?

ಕಾಲು ಹಿಡಿದು ಬೇಡಿದ ಮೇಲೆ ಒಂದೇ ಮಾತು ಹೇಳಿದರು: "ನಿಮ್ಮಪ್ಪ ಬಂದು ಕೂತರೆ ಏಳ್ತೀನಿ. ಬೇರೆ ಯಾರಿಗೂ ಬಿಟ್ಟುಕೊಡಲ್ಲ." ಮಾವನೇ ಕೂತರೆ ಜನ ಆಡಿಕೊಳ್ಳುವುದಿಲ್ಲವೇ ಎಂದು ಟ್ರಸ್ಕರನ್ನು ಕೇಳಿದೆ. "ಆ ಮುದುಕಪ್ಪನಾ? ಹೆತ್ತ ಮಗ ತಪ್ಪು ಮಾಡಿದ್ರೂ ಬಿಡೋ ಆಸಾಮಿ ಅಲ್ಲ, ಬರಹೇಳು" ಎಂದರು. ಆದ್ದರಿಂದ ಬನ್ನಿ ಅಪ್ಪಾ. ವರ್ಮಾಂಟಿನಿಂದ ರೈಲಿನಲ್ಲಿ ಎರಡು ದಿನ, ನಿಮ್ಮ ಸೊಂಟಕ್ಕೆ ಅದು ನರಕವೆಂದು ನನಗೆ ಗೊತ್ತು. ಸ್ಟೇಷನ್ನಿಗೆ ಗಾಡಿ ಕಳಿಸುತ್ತೇನೆ, ಬೆನ್ನಿಗೆ ಬಿಸಿ ಇಟ್ಟಿಗೆ ಇಡುತ್ತೇನೆ. ಕೈಮುಗಿಯುತ್ತೇನೆ, ಇನ್ನಾರೂ ಇಲ್ಲ ನನಗೆ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ಬೇಡುವ,

ನಿಮ್ಮ ಮಗಳು
ಲವೀನಿಯಾ

ಮತ್ತೆ ಬರೆದದ್ದು: ಇಷ್ಟುದ್ದ ಬರೆದು ಮುಖ್ಯವಾದದ್ದನ್ನೇ ನುಂಗಿಕೊಂಡೆ. ಟಪಾಲಿನವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಆ ಶಿಫಾರಸು ಪತ್ರ ಇವರು ಬರೆದದ್ದಲ್ಲ. ಲೈಮನ್ನನ ಹೆಂಡತಿ ಬಂದು ಅತ್ತಳು, ಇವರು ಆಗುವುದಿಲ್ಲವೆಂದರು, ನಾನು ಇವರ ಹೆಸರಿನಲ್ಲಿ ಬರೆದು ಇವರ ಸಹಿ ಹಾಕಿದೆ. ಇವರಿಗೆ ಗೊತ್ತಾದದ್ದು ಪೇಪರಿನಲ್ಲಿ ಬಂದ ಮೇಲೆ. ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರಿದೆ. ನನ್ನನ್ನು ಕೇಳುವ ಪ್ರಶ್ನೆಗಳನ್ನು ತಳ್ಳಿಹಾಕುವ ಅಧಿಕಾರ ಪೀಠದಲ್ಲಿ ಕೂತವರಿಗಿದೆ, ಅದಕ್ಕೇ ಇವರು ಕುರ್ಚಿ ಬಿಡುತ್ತಿಲ್ಲ. ನೀವು ಕೂತರೂ ಮಗಳೆಂದು ತಳ್ಳಿಹಾಕುವಿರೆಂದು ನಂಬಿದ್ದಾರೆ. ತಳ್ಳಿಹಾಕಬೇಡಿ ಅಪ್ಪಾ. ನನ್ನನ್ನು ಕೇಳಲು ಬಿಡಿ.