ಬೂದು ತಾಯಿಯ ಕಿತ್ತಳೆ ಮರಿಗಳು

ಜ್ಲೀನ್, 18 ಆಗಸ್ಟ್ 2024

ಪ್ರೀತಿಯ ಅಮ್ಮನಿಗೆ, ಮೂರು ವರ್ಷ ಮಾತು ಬಿಟ್ಟ ಮಗಳ ಬಿಗಿಯಾದ ಅಪ್ಪುಗೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಕ್ಷಮೆ ಆಮೇಲೆ ಕೇಳುತ್ತೇನೆ. ನಾನು ಸಾಕಿದ ಕಾರ್ನ್ ಹಾವಿನ, ಅದೇ ನಮ್ಮ ವಿಷವಿಲ್ಲದ ಸಾಕುಹಾವಿನ, ಹದಿನಾರು ಮೊಟ್ಟೆಗಳೂ ಒಡೆದಿವೆ. ಒಂಬತ್ತು ಮರಿ ಕಿತ್ತಳೆ, ಏಳು ಬೂದು. ಇವುಗಳ ಅಪ್ಪ ಅಮ್ಮ ಇಬ್ಬರೂ ಅಚ್ಚ ಕಿತ್ತಳೆ. ಬೇರೆ ಯಾವುವೂ ಅಲ್ಲ, ಮೂರು ವರ್ಷದ ಹಿಂದೆ ನಾನು ನಿನ್ನ ಮಾನ ಕಳೆಯಲು ಸಂತೆಗೆ ಹಿಡಿದುಕೊಂಡು ಬಂದಿದ್ದ ಆ ಹದಿನಾಲ್ಕು ಮರಿಗಳಲ್ಲಿ ಎರಡು.

ನೀನು ಕೊಟ್ಟ ಬೂದು ಹೆಣ್ಣನ್ನು ನನ್ನ ಬೂದು ಗಂಡಿಗೆ ಜೊತೆ ಮಾಡಿದ್ದೆ. ಹುಟ್ಟಿದವೆಲ್ಲ ಕಿತ್ತಳೆ! ಹೆಣ್ಣು ಹಾವು ಹಳೆಯ ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಳ್ಳಬಲ್ಲದು ಎಂಬ ಅರೆಬರೆ ವಿದ್ಯೆ ನನ್ನ ತಲೆಗೇರಿತ್ತು. ಹಾವಿನ ಸಂತೆಯಲ್ಲಿ, ನಿನ್ನ ಗಿರಾಕಿಗಳೆದುರಿಗೇ ಕೂಗಾಡಿದೆ: “ಕಿತ್ತಳೆ ಗಂಡಿನ ಜೊತೆ ಬಿಟ್ಟು, ಗಂಡೇ ಕಾಣದ ಹಾವು ಅಂತ ನನಗೆ ದಾಟಿಸಿದ್ದೀಯ! ಸ್ವಂತ ಮಗಳಿಗೇ ಮೋಸ ಮಾಡೋಕೆ ಹೇಗಮ್ಮ ಮನಸ್ಸು ಬಂತು?”

ನೀನು ಗಸಗಸೆ ಬನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಇಷ್ಟೇ ಅಂದೆ: “ನಿನ್ನ ಗಂಡು ಯಾವ ಬೂದು ಅಂತ ವಿಚಾರಿಸಿದ್ಯೇನೇ? ಎರಡು ಮರಿ ಇಟ್ಕೋ, ದೊಡ್ಡವಾಗ್ಲಿ. ಆಮೇಲೆ ಬೈಯುವಂತೆ.” ಇಪ್ಪತ್ತೆರಡು ವರ್ಷ ತಪ್ಪದೆ ಸಂತೆಯಲ್ಲಿ ಮೇಜು ಹಾಕಿದವಳು ಅಂದಿನಿಂದ ಅತ್ತ ಸುಳಿಯಲಿಲ್ಲ.

ಇವತ್ತು ಬೆಳಗ್ಗೆ ಮರಿ ಎಣಿಸುವಾಗ ನನಗೆ ತಿಳಿಯಿತು. ಬೂದಿನಲ್ಲಿ ಎರಡು ಜಾತಿ, ನೋಡಲು ಒಂದೇ. ಒಂದು ಮನೆಯಲ್ಲಿ ಹಿಟ್ಟಿಲ್ಲ, ಇನ್ನೊಂದರಲ್ಲಿ ಒಲೆಯಿಲ್ಲ, ಎರಡರಲ್ಲೂ ರೊಟ್ಟಿಯಿಲ್ಲ. ಎರಡು ಮನೆ ಕೂಡಿದರೆ ರೊಟ್ಟಿ ಆಗಿಯೇ ಆಗುತ್ತದೆ. ಮರಿ ಬೂದಾಗಬೇಕಾದರೆ ಒಂದೇ ಕೊರತೆ ತಾಯಿಯಿಂದಲೂ ಬರಬೇಕು, ತಂದೆಯಿಂದಲೂ ಬರಬೇಕು. ನಿನ್ನ ಹೆಣ್ಣು, ನನ್ನ ಗಂಡಿನ ಜೋಡಿಯಲ್ಲಿ ತಾಯಿಯ ಕೊರತೆಯೇ ಬೇರೆ, ತಂದೆಯದೇ ಬೇರೆ. ಹಾಗಾಗಿ ಮರಿಗಳ ಮೈಯೆಲ್ಲ ಕಿತ್ತಳೆ, ಒಳಗೆ ಎರಡೂ ಬೂದು ಅಡಗಿ ಕೂತಿದ್ದವು. ಆ ಮರಿಗಳಲ್ಲೇ ಎರಡನ್ನು ಜೊತೆ ಮಾಡಿದಾಗ ಕೆಲವಕ್ಕೆ ಒಂದೇ ಕೊರತೆ ಎರಡೂ ಕಡೆಯಿಂದ ಬಂತು, ಬೂದು ಹೊರಬಿತ್ತು.

ಅಮ್ಮ, ನಿನ್ನಂಥವಳನ್ನು ನಾನು ಕಂಡಿಲ್ಲ. ಅಡಗಿದ ಬಣ್ಣ ಖಚಿತವಿಲ್ಲದ ಹಾವನ್ನು ಮಾರುವಾಗ “ಇದ್ರೂ ಇರಬಹುದು, ಇಲ್ದೇನೂ ಇರಬಹುದು, ನಂಬಿ ಕೆಡಬೇಡಿ” ಅಂತ ಗಿರಾಕಿಯನ್ನೇ ಹಿಂದಕ್ಕೆ ಕಳಿಸುತ್ತಿದ್ದವಳು ನೀನು. ಮಗಳು ಸಂತೆಯಲ್ಲಿ ಮಾನ ಹರಾಜು ಹಾಕುತ್ತಿದ್ದಾಗಲೂ ನೀನು ವಾದಕ್ಕೆ ನಿಲ್ಲಲಿಲ್ಲ, ಪಾಠ ಹೇಳಿಕೊಟ್ಟೆ. ನೆನೆದರೆ ಹೆಮ್ಮೆಯಾಗುತ್ತದೆ, ಅಳುವೂ ಬರುತ್ತದೆ.

ತಪ್ಪಾಯಿತಮ್ಮ. ಸೆಪ್ಟೆಂಬರ್ ಸಂತೆಗೆ ಬಾ. ಅಂದು ಎಷ್ಟು ಜೋರಾಗಿ ಕೂಗಿದ್ದೆನೋ ಅಷ್ಟೇ ಜೋರಾಗಿ ಎಲ್ಲರೆದುರು ನನ್ನ ತಪ್ಪು ಹೇಳುತ್ತೇನೆ.

ನಿನ್ನ ದುಡುಕಿನ ಮಗಳು,
ಬ್ಲಾಂಕಾ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಇವತ್ತು ಬೆಳಗ್ಗೆ ತಿಳಿಯಿತು ಎಂದು ಬರೆದೆನಲ್ಲ, ಅದು ಸುಳ್ಳು. ಸಂತೆಯಲ್ಲಿ ನಿನ್ನ ಪಕ್ಕದ ಮೇಜಿನ ಓಟಕಾರ್ ಮಾಮ ಆ ಜಗಳವಾದ ವರ್ಷದ ಚಳಿಗಾಲದಲ್ಲೇ ನನ್ನನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದ್ದರು, ನನಗೆ ಅಂದೇ ಅರ್ಥವಾಗಿತ್ತು. ಇಷ್ಟು ವರ್ಷ ನಾನು ಕಾದದ್ದು ಮರಿಗಳು ದೊಡ್ಡವಾಗಲಿ ಎಂದಲ್ಲ ಅಮ್ಮ. ನಿನ್ನ ಬಾಗಿಲು ತಟ್ಟಲು ಮುಖವಿರಲಿಲ್ಲ.